ಲೈಡಾರ್ ಹೇಳುವ ಟರ್ಬ್ಯುಲೆನ್ಸ್: ನಂಬುವ ಮುನ್ನ ಏನೇನು ನೋಡಬೇಕು?

ಚಿತ್ರದುರ್ಗದ ಗುಡ್ಡಗಳ ಮೇಲಿನ ಹಳೆಯ ಗಾಳಿಯಂತ್ರಗಳನ್ನು ನೋಡಿದವರಿಗೆ ಈಗ ಗದಗ, ಕೊಪ್ಪಳದ ಎರೆಹೊಲಗಳ ನಡುವೆ ಏಳುತ್ತಿರುವ ಯಂತ್ರಗಳ ಎತ್ತರ ಕಣ್ಣಿಗೆ ಹೊಡೆದಂತೆ ಕಾಣುತ್ತದೆ. 3 ಮೆಗಾವಾಟ್ ದರ್ಜೆಯ ಯಂತ್ರದ ಹಬ್, ಅಂದರೆ ರೆಕ್ಕೆಗಳು ಕೂಡುವ ನಡುಭಾಗ, ಈಗ 140 ಮೀಟರ್ ಆಸುಪಾಸಿಗೆ ಹೋಗಿದೆ, ರೆಕ್ಕೆಯ ತುದಿ 200 ಮೀಟರ್ ದಾಟುತ್ತದೆ. ಅಷ್ಟು ಮೇಲೆ ಹೋಗಲು ಕಾರಣವಿದೆ. ಚೆನ್ನೈನಲ್ಲಿರುವ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆಯ ಅಂದಾಜಿನ ಪ್ರಕಾರ ಕರ್ನಾಟಕದ ಸಾಮರ್ಥ್ಯ 120 ಮೀಟರ್ ಎತ್ತರದಲ್ಲಿ ಸುಮಾರು 124 ಗಿಗಾವಾಟ್, 150 ಮೀಟರ್‌ನಲ್ಲಿ ಸುಮಾರು 169 ಗಿಗಾವಾಟ್. ಆದರೆ ಜಾಗದಲ್ಲಿ ನಿಲ್ಲಿಸುವ ಅಳತೆಯ ಕಂಬ, ಅಂದರೆ ಮಾಸ್ಟ್, ಸಾಮಾನ್ಯವಾಗಿ 100 ಅಥವಾ 120 ಮೀಟರ್‌ಗೇ ಮುಗಿಯುತ್ತದೆ. ಅದರ ಮೇಲಿನ ಗಾಳಿಯನ್ನು ನೆಲದಿಂದಲೇ ಲೇಸರ್ ಬೆಳಕಿನಿಂದ ಅಳೆಯಲು ಲೈಡಾರ್ ಪೆಟ್ಟಿಗೆ ತಂದು ಇಡುತ್ತಾರೆ.

ಸರಾಸರಿ ಗಾಳಿವೇಗದ ಮಟ್ಟಿಗೆ ಬಯಲಿನಲ್ಲಿ ಲೈಡಾರ್ ಅನ್ನು ನಂಬುವುದಕ್ಕೆ ಈಗ ಯಾರದೂ ತಕರಾರಿಲ್ಲ. ತಕರಾರು ಬರುವುದು ಅದೇ ಫೈಲಿನ ಪಕ್ಕದ ಕಾಲಂನಲ್ಲಿ, ಟರ್ಬ್ಯುಲೆನ್ಸ್ ಇಂಟೆನ್ಸಿಟಿ (ಗಾಳಿ ಎಷ್ಟು ಕಲಕಿದೆ, ಅದರ ವೇಗ ಎಷ್ಟು ಏರಿಳಿಯುತ್ತದೆ ಎಂಬ ಅಳತೆ) ಅಂದರೆ ಟಿಐ ಎಂದು ಬರೆದಿರುವ ಅಂಕಿಯಲ್ಲಿ. ಅದು ಸರಾಸರಿ ವೇಗದ ಪಕ್ಕದಲ್ಲೇ, ಅಷ್ಟೇ ದಶಮಾಂಶ ಸ್ಥಾನಗಳೊಂದಿಗೆ ಕೂತಿರುವುದರಿಂದ ಅಷ್ಟೇ ನಂಬಿಕಸ್ಥ ಎಂದು ಓದುಗರು ಎಣಿಸಿಬಿಡುತ್ತಾರೆ. ಜಾಗದ ವರದಿ ಬರೆಯುವ ಎಂಜಿನಿಯರಿಗೂ, ಬೇರೆಯವರು ಬರೆದ ವರದಿಯನ್ನು ಪರಿಶೀಲಿಸುವವರಿಗೂ ಆ ಕಾಲಂ ಅನ್ನು ತೂಗಿ ನೋಡುವ ದಾರಿಯನ್ನು ಇಲ್ಲಿ ಹೇಳುತ್ತೇನೆ.

ಹಂತ 1: ಯಾವ ತೀರ್ಮಾನಕ್ಕೆ ಈ ಅಂಕಿ ಬೇಕು ಎಂದು ಮೊದಲು ಬರೆದುಕೊಳ್ಳಿ

ಹತ್ತು ನಿಮಿಷದ ಗಾಳಿವೇಗದ ಸ್ಟ್ಯಾಂಡರ್ಡ್ ಡೀವಿಯೇಷನ್ ಅನ್ನು (ಸರಾಸರಿಯ ಸುತ್ತ ಅಂಕಿಗಳು ಎಷ್ಟು ಚದುರಿವೆ ಎಂಬ ಅಳತೆ, ಇನ್ನು ಮುಂದೆ ಸಿಗ್ಮಾ ಎನ್ನೋಣ) ಅದೇ ಹತ್ತು ನಿಮಿಷದ ಸರಾಸರಿಯಿಂದ ಭಾಗಿಸಿದರೆ ಟಿಐ. ಸರಾಸರಿ ಸೆಕೆಂಡಿಗೆ 10 ಮೀಟರ್, ಸಿಗ್ಮಾ 1.2 ಇದ್ದರೆ ಟಿಐ 12%. ಲೆಕ್ಕ ಇಷ್ಟೇ. ಇದರ ಮೇಲೆ ನಿಂತಿರುವ ತೀರ್ಮಾನ ಮಾತ್ರ ದೊಡ್ಡದು: ಈ ಜಾಗಕ್ಕೆ ಈ ಯಂತ್ರ ಇಪ್ಪತ್ತು ವರ್ಷ ತಡೆಯುತ್ತದೆಯೇ?

ಗಾಳಿಯಂತ್ರಗಳ ವಿನ್ಯಾಸಕ್ಕಿರುವ ಅಂತರರಾಷ್ಟ್ರೀಯ ಐಇಸಿ 61400-1 ಮಾನದಂಡದ 2019ರ ಆವೃತ್ತಿಯಲ್ಲಿ ಟರ್ಬ್ಯುಲೆನ್ಸ್‌ಗೆ ನಾಲ್ಕು ವರ್ಗಗಳಿವೆ. ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಅವುಗಳ ಆಧಾರ ಬೆಲೆ ಎ ಪ್ಲಸ್‌ಗೆ 0.18, ಎ ವರ್ಗಕ್ಕೆ 0.16, ಬಿ ವರ್ಗಕ್ಕೆ 0.14, ಸಿ ವರ್ಗಕ್ಕೆ 0.12. ಇವು ಹೋಲಿಕೆಗೆ ಇಟ್ಟುಕೊಳ್ಳುವ ಕೊನೆಯ ಗೆರೆಗಳಲ್ಲ. ವಿನ್ಯಾಸಕ್ಕೆ ಬಳಸುವುದು 90ನೇ ಪರ್ಸೆಂಟೈಲ್ ಅನ್ನು, ಅಂದರೆ ನೂರರಲ್ಲಿ ತೊಂಬತ್ತು ಅಂಕಿಗಳು ಯಾವ ಬೆಲೆಗಿಂತ ಕೆಳಗಿರುತ್ತವೋ ಅದನ್ನು: ಹಬ್ ವೇಗವನ್ನು 0.75ರಿಂದ ಗುಣಿಸಿ, 5.6 ಕೂಡಿಸಿ, ಬಂದದ್ದನ್ನು ಆಧಾರ ಬೆಲೆಯಿಂದ ಗುಣಿಸಿದರೆ ಸಿಗ್ಮಾ ಸಿಗುತ್ತದೆ. ಬಿ ವರ್ಗಕ್ಕೆ 15 ಮೀಟರ್ ವೇಗದಲ್ಲಿ ಇದು 2.36, ಅಂದರೆ ಟಿಐ 15.7%. 10 ಮೀಟರ್ ವೇಗದಲ್ಲಿ 18.3%. ಅಳತೆಯ ಸರಾಸರಿ ಟಿಐಯನ್ನು ತಂದು ಈ ಗೆರೆಯ ಪಕ್ಕದಲ್ಲಿಟ್ಟು «ಪಾಸ್» ಎಂದು ಬರೆದ ವರದಿಗಳು ಕೈಗೆ ಸಿಗುತ್ತವೆ. ಅಂಥದ್ದು ಕಂಡರೆ ಮುಂದೆ ಓದುವ ಮೊದಲೇ ಅದನ್ನು ಗುರುತು ಹಾಕಿಕೊಳ್ಳಿ.

ತಪ್ಪು ಎಷ್ಟು ದುಬಾರಿ ಎನ್ನುವುದಕ್ಕೆ ಒಂದು ಒರಟು ಲೆಕ್ಕ ಸಾಕು. ದಣಿವಿನ ಹೊರೆ, ಅಂದರೆ ಫೆಟೀಗ್ ಲೋಡ್, ಸಿಗ್ಮಾದ ಜೊತೆಗೇ ಏರುತ್ತದೆ ಎಂದುಕೊಂಡರೆ ಹಾನಿ ಅದರ ಘಾತದಂತೆ ಏರುತ್ತದೆ. ಬೆಸುಗೆ ಹಾಕಿದ ಉಕ್ಕಿನ ಗೋಪುರಕ್ಕೆ ಆ ಘಾತ ಸುಮಾರು 4, ಗಾಜಿನ ನಾರಿನ ರೆಕ್ಕೆಗೆ ಸುಮಾರು 10. ನಿಜವಾದ ಸಿಗ್ಮಾ ನೀವು ಕೊಟ್ಟದ್ದಕ್ಕಿಂತ 10% ಹೆಚ್ಚಿದ್ದರೆ ಗೋಪುರದ ಲೆಕ್ಕದಲ್ಲಿ ಹಾನಿ ಸುಮಾರು ಒಂದೂವರೆ ಪಟ್ಟಾಗುತ್ತದೆ, ರೆಕ್ಕೆಯ ಲೆಕ್ಕದಲ್ಲಿ ಎರಡೂವರೆ ಪಟ್ಟು ದಾಟುತ್ತದೆ. ತಪ್ಪು ಇನ್ನೊಂದು ಕಡೆಗಿದ್ದರೆ ಒಳ್ಳೆಯ ಜಾಗದಲ್ಲಿ ಯಂತ್ರಗಳ ನಡುವೆ ಬೇಕಿಲ್ಲದ ಅಂತರ ಬಿಟ್ಟು ಭೂಮಿ ಮತ್ತು ಹಣ ಕಳೆಯುತ್ತೀರಿ.

ಹಂತ 2: ಪೆಟ್ಟಿಗೆಯೊಳಗೆ ಏನು ನಡೆಯುತ್ತದೆ ಎಂದು ತಿಳಿಯಿರಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಮುಂದಿನ ಎಲ್ಲ ಪ್ರಶ್ನೆಗಳೂ ಇಲ್ಲಿಂದಲೇ ಹುಟ್ಟುತ್ತವೆ.

ಮಾಸ್ಟ್ ಮೇಲೆ ಬಟ್ಟಲುಗಳು ತಿರುಗಿ ಗಾಳಿವೇಗ ಅಳೆಯುವ ಕಪ್ ಅನಿಮೋಮೀಟರ್ ಒಂದು ಜಾಗದ ಗಾಳಿಯನ್ನು ಅಳೆಯುತ್ತದೆ. ಲೈಡಾರ್ ಹಾಗಲ್ಲ. ಅದು ಲೇಸರ್ ಕಿರಣವನ್ನು ಓರೆಯಾಗಿ ಮೇಲಕ್ಕೆ ಬಿಟ್ಟು, ಗಾಳಿಯಲ್ಲಿ ತೇಲುವ ಧೂಳಿನ ಕಣಗಳಿಂದ ಚದುರಿ ಮರಳಿದ ಬೆಳಕಿನ ಡಾಪ್ಲರ್ ಬದಲಾವಣೆಯಿಂದ ಆ ಕಿರಣದ ಗುಂಟ ಇರುವ ವೇಗವನ್ನಷ್ಟೇ ತಿಳಿಯುತ್ತದೆ. ಅಂಥ ಹಲವು ಕಿರಣಗಳನ್ನು ಜೋಡಿಸಿ ಅಡ್ಡಗಾಳಿಯ, ಅಂದರೆ ನೆಲಕ್ಕೆ ಸಮಾನಾಂತರವಾಗಿ ಬೀಸುವ ಗಾಳಿಯ, ವೇಗವನ್ನು ಲೆಕ್ಕ ಹಾಕುತ್ತದೆ. ನಮ್ಮಲ್ಲಿ ಹೆಚ್ಚಾಗಿ ಕಾಣುವ ಬಗೆ ಎರಡು. ವಿಂಡ್‌ಕ್ಯೂಬ್‌ನಂಥ ಪಲ್ಸ್ ಲೈಡಾರ್ ಲಂಬದಿಂದ 28 ಡಿಗ್ರಿ ಓರೆಯಾಗಿ ನಾಲ್ಕು ಕಿರಣ, ನೆಟ್ಟಗೆ ಮೇಲಕ್ಕೆ ಒಂದು ಕಿರಣ ಬಿಡುತ್ತದೆ. ಝಡ್‌ಎಕ್ಸ್ 300ನಂಥ ನಿರಂತರ ಅಲೆಯ ಲೈಡಾರ್ 30 ಡಿಗ್ರಿ ಓರೆಯಲ್ಲಿ ಕಿರಣವನ್ನು ಸುತ್ತಲೂ ತಿರುಗಿಸುತ್ತದೆ.

ಗಾಳಿ ಪಶ್ಚಿಮದಿಂದ ಬೀಸುತ್ತಿದೆ, ಪಲ್ಸ್ ಲೈಡಾರ್‌ನ ಒಂದು ಕಿರಣ ಪಶ್ಚಿಮಕ್ಕೆ, ಇನ್ನೊಂದು ಪೂರ್ವಕ್ಕೆ ಓರೆಯಾಗಿದೆ ಎಂದುಕೊಳ್ಳಿ. 100 ಮೀಟರ್ ಎತ್ತರದಲ್ಲಿ ಈ ಎರಡು ಕಿರಣಗಳ ನಡುವಿನ ಅಂತರ 106 ಮೀಟರ್, 140 ಮೀಟರ್‌ನಲ್ಲಿ 149 ಮೀಟರ್. ಉಪಕರಣ ಎರಡನ್ನೂ ಕಳೆದು ಅಡ್ಡವೇಗವನ್ನು ತೆಗೆಯುತ್ತದೆ, ಎರಡೂ ಕಡೆ ಗಾಳಿ ಒಂದೇ ಎಂಬ ನಂಬಿಕೆಯ ಮೇಲೆ. ಹತ್ತು ನಿಮಿಷದ ಸರಾಸರಿಗೆ ಬಯಲಿನಲ್ಲಿ ಆ ನಂಬಿಕೆ ಸರಿ. ಕ್ಷಣಕ್ಷಣದ ಏರಿಳಿತಕ್ಕೆ ಅದು ಸರಿಯಲ್ಲ. 106 ಮೀಟರ್‌ಗಿಂತ ಚಿಕ್ಕದಾದ ಸುಳಿಗಳು ಒಂದು ತುದಿಯಲ್ಲಿ ಏರುವಾಗ ಇನ್ನೊಂದು ತುದಿಯಲ್ಲಿ ಏನು ಬೇಕಾದರೂ ಆಗಿರಬಹುದು.

ಇದರಿಂದ ಎರಡು ಎದುರುಬದುರು ತಪ್ಪುಗಳು ಹುಟ್ಟುತ್ತವೆ. ಎರಡು ಜಾಗಗಳ ಅಡ್ಡಗಾಳಿಯ ಸರಾಸರಿ ತೆಗೆಯುವುದರಿಂದ ಏರಿಳಿತ ತಗ್ಗುತ್ತದೆ. ಅದೇ ಹೊತ್ತಿಗೆ ಎರಡು ಜಾಗಗಳ ಲಂಬಗಾಳಿಯ ವ್ಯತ್ಯಾಸ ಅಡ್ಡಗಾಳಿಯ ವೇಷ ಹಾಕಿಕೊಂಡು ಒಳಗೆ ನುಸುಳುತ್ತದೆ. ಕಿರಣ 28 ಡಿಗ್ರಿಯಷ್ಟೇ ಓರೆಯಾಗಿರುವುದರಿಂದ ಅದು ಹಿಗ್ಗಿ ಬರುತ್ತದೆ. ಎರಡು ತುದಿಗಳಿಗೆ ಸಂಬಂಧವೇ ಇಲ್ಲ ಎಂಬ ಅತಿಯ ಸ್ಥಿತಿಯನ್ನು ತೆಗೆದುಕೊಂಡರೆ, ಲೈಡಾರ್ ಕಾಣುವ ವೇರಿಯನ್ಸ್ (ಸಿಗ್ಮಾವನ್ನು ಸಿಗ್ಮಾದಿಂದಲೇ ಗುಣಿಸಿದ್ದು) ಎಂದರೆ ಅಡ್ಡಗಾಳಿಯ ನಿಜವಾದ ವೇರಿಯನ್ಸ್‌ನ ಅರ್ಧ, ಅದಕ್ಕೆ ಲಂಬಗಾಳಿಯ ವೇರಿಯನ್ಸ್‌ನ 1.77 ಪಟ್ಟು ಸೇರಿದ್ದು.

ಈಗ ಅಂಕಿ ಹಾಕಿ ನೋಡಿ. ಲಂಬ ಏರಿಳಿತದ ಸಿಗ್ಮಾ ಅಡ್ಡದ್ದರ ಅರ್ಧ ಇದ್ದರೆ 0.5 ಮತ್ತು 0.44 ಸೇರಿ 0.94. ಇದರ ವರ್ಗಮೂಲ 0.97, ಅಂದರೆ ಲೈಡಾರ್ ಸಿಗ್ಮಾ ನಿಜಕ್ಕಿಂತ ಬರೀ 3% ಕಡಿಮೆ. ಯಾರು ನೋಡಿದರೂ ಭೇಷ್ ಎನ್ನುವಂಥ ಫಲಿತಾಂಶ. ಲಂಬ ಸಿಗ್ಮಾ ಅಡ್ಡದ್ದರ 0.4 ಪಟ್ಟಿಗೆ ಇಳಿದರೆ ಲೈಡಾರ್ ಸುಮಾರು 12% ಕಡಿಮೆ ತೋರಿಸುತ್ತದೆ. ಬಿಸಿಲಿನ ಮಧ್ಯಾಹ್ನ ನೆಲದಿಂದ ಗಾಳಿ ಕುದಿದೇಳುವಾಗ ಅದು 0.8 ಪಟ್ಟಾದರೆ 28% ಹೆಚ್ಚು ತೋರಿಸುತ್ತದೆ. ದೊಡ್ಡ ಸುಳಿಗಳು ಎರಡೂ ಕಿರಣಗಳನ್ನು ಒಟ್ಟಿಗೆ ಮುಟ್ಟುವುದರಿಂದ ನಿಜಸ್ಥಿತಿ ಇಷ್ಟು ಅತಿಗೆ ಹೋಗುವುದಿಲ್ಲ. ಆದರೆ ತಪ್ಪು ಯಾವ ಕಡೆಗೆ ಎನ್ನುವುದನ್ನು ಅಂದಿನ ಗಾಳಿಯ ಸ್ವಭಾವ ತೀರ್ಮಾನಿಸುತ್ತದೆ, ಉಪಕರಣವಲ್ಲ. 2011ರಲ್ಲಿ ಡೆನ್ಮಾರ್ಕಿನ ಸಂಶೋಧಕರು «ವಿಂಡ್ ಲೈಡಾರ್‌ಗಳು ಟರ್ಬ್ಯುಲೆನ್ಸ್ ಅಳೆಯಬಲ್ಲವೇ?» ಎಂದೇ ಕೇಳಿ ಬರೆದ ಪ್ರಬಂಧದಲ್ಲಿಯೂ ತಪ್ಪು ವಾತಾವರಣದ ಸ್ಥಿರತೆ (ಗಾಳಿ ಮೇಲೆ ಕೆಳಗೆ ಕಲಕುತ್ತಿದೆಯೋ, ಪದರವಾಗಿ ನಿಂತಿದೆಯೋ ಎಂಬುದು) ಮತ್ತು ಎತ್ತರದ ಜೊತೆ ಬದಲಾಗುತ್ತದೆ ಎಂದು ತೋರಿಸಿದರು.

ಇದಕ್ಕೆ ಇನ್ನೊಂದು ಸೇರಿಸಿ. ಕಿರಣ ಒಂದು ಚುಕ್ಕೆಯನ್ನು ನೋಡುವುದಿಲ್ಲ, ತನ್ನ ಗುಂಟ ಒಂದಷ್ಟು ಉದ್ದವನ್ನು ಒಟ್ಟಿಗೆ ನೋಡುತ್ತದೆ. ಪಲ್ಸ್ ಲೈಡಾರ್‌ನಲ್ಲಿ ಆ ಉದ್ದ ಎಲ್ಲ ಎತ್ತರಕ್ಕೂ ಹೆಚ್ಚುಕಡಿಮೆ ಒಂದೇ, 20 ಮೀಟರ್ ಲೆಕ್ಕದ್ದು. ನಿರಂತರ ಅಲೆಯದರಲ್ಲಿ ಅದು ಎತ್ತರದ ವರ್ಗದಂತೆ (ಸ್ಕ್ವೇರ್) ಬೆಳೆಯುತ್ತದೆ: 100 ಮೀಟರ್‌ನಲ್ಲಿ ಸುಮಾರು 15 ಮೀಟರ್ ಇದ್ದದ್ದು 140 ಮೀಟರ್‌ಗೆ ಹೋಗುವಾಗ ಎರಡರಷ್ಟಾಗುತ್ತದೆ. ಅದಕ್ಕಿಂತ ಸಣ್ಣ ಸುಳಿಗಳು ಅಷ್ಟರಮಟ್ಟಿಗೆ ಅಳಿಸಿಹೋಗುತ್ತವೆ.

ಸೋಡಾರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಳಕಿನ ಬದಲು ಶಬ್ದ ಬಿಡುವ ಅದಕ್ಕೆ ಒಂದು ಸುತ್ತು ಮುಗಿಸಲು ಹಲವು ಸೆಕೆಂಡು ಬೇಕು, ಸುತ್ತಲಿನ ಗದ್ದಲವೂ ಒಳಬರುತ್ತದೆ. ಸರಾಸರಿ ವೇಗಕ್ಕೆ ಬಳಸಿ. ಅದರ ಟಿಐಯನ್ನು ಯಂತ್ರದ ವರ್ಗ ನಿರ್ಧರಿಸಲು ಬಳಸಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಂತ 3: ಪ್ರಮಾಣಪತ್ರ ಯಾವುದಕ್ಕೆ ಕೊಟ್ಟದ್ದು ನೋಡಿ

ವರದಿಯ ಹಿಂದೆ ಉಪಕರಣದ ಪರಿಶೀಲನಾ ಪತ್ರವೊಂದು ಲಗತ್ತಿಸಿರುತ್ತಾರೆ. ನೆಲದ ಮೇಲಿಡುವ ಲೈಡಾರ್‌ಗಳ ಪರಿಶೀಲನೆ ಮೊದಲು ಐಇಸಿ 61400-12-1ರ 2017ರ ಆವೃತ್ತಿಯಲ್ಲಿತ್ತು, 2022ರಿಂದ ಅದಕ್ಕೆಂದೇ ಐಇಸಿ 61400-50-2 ಇದೆ. ಅಲ್ಲಿ ತೂಗಿ ನೋಡುವುದು ಸರಾಸರಿ ಅಡ್ಡವೇಗವನ್ನು. ಆ ಪತ್ರ ಎಷ್ಟೇ ಚೆನ್ನಾಗಿದ್ದರೂ ಟಿಐಗೆ ಜಾಮೀನಾಗುವುದಿಲ್ಲ. ಟರ್ಬ್ಯುಲೆನ್ಸ್‌ಗೆ ಪ್ರತ್ಯೇಕ ಒಪ್ಪಿಗೆಯ ಅಳತೆಗೋಲು ಬೇಕೆಂದೇ ಪ್ರಮಾಣಪತ್ರ ಕೊಡುವ ಡಿಎನ್‌ವಿ ಸಂಸ್ಥೆ ಆರ್‌ಪಿ-0661 ಎಂಬ ಶಿಫಾರಸನ್ನು ಹೊರತಂದಿದೆ. ವರದಿ ಅದನ್ನು ಅನುಸರಿಸಿದೆಯೇ, ಇಲ್ಲದಿದ್ದರೆ ಟಿಐಯನ್ನು ಯಾವುದರ ಮೇಲೆ ಒಪ್ಪಿಕೊಂಡಿದೆ ಎಂದು ಕೇಳಿ.

ಹಂತ 4: ಫೈಲ್ ತೆರೆದು ಸಾಲು ಸಾಲಾಗಿ ನೋಡಿ

ಸಾರಾಂಶದ ಕೋಷ್ಟಕ ಸಾಲದು. ಹತ್ತು ನಿಮಿಷದ ಫೈಲ್ ಬೇಕೇಬೇಕು, ಸಾಧ್ಯವಾದರೆ ಸೆಕೆಂಡಿನ ಲೆಕ್ಕದ ಮೂಲ ಫೈಲ್ ಕೂಡ. ಒಪ್ಪಂದ ಬರೆಯುವಾಗಲೇ ಮೂಲ ಫೈಲ್ ಉಳಿಸಿ ಕೊಡಬೇಕೆಂದು ಸೇರಿಸಿ. ಅಳತೆ ಮುಗಿದ ಮೇಲೆ ಕೇಳಿದರೆ ಅದು ಸಿಗುವುದು ಕಷ್ಟ.

ಯಾಕೆ ಬೇಕು ಎನ್ನುವುದಕ್ಕೆ ಒಂದು ಕಲ್ಪಿತ ಸಾಲು. ಹತ್ತು ನಿಮಿಷದಲ್ಲಿ 600 ಅಳತೆ, ಸರಾಸರಿ 8, ಸಿಗ್ಮಾ 0.8, ಟಿಐ 10%. ಇದರಲ್ಲಿ ಒಂದೇ ಒಂದು ಅಳತೆ ಕೆಟ್ಟು 40 ಎಂದು ದಾಖಲಾಯಿತು ಎನ್ನಿ. ಸರಾಸರಿ 8.05 ಆಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಸಿಗ್ಮಾ 1.53ಕ್ಕೆ ಹಾರಿ ಟಿಐ 19% ಆಗುತ್ತದೆ. 600ರಲ್ಲಿ ಒಂದು ಕೆಟ್ಟ ಅಂಕಿ ಟಿಐಯನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡಿತು. ಸರಾಸರಿ ವೇಗಕ್ಕೆ ಸಾಕಾಗುವ ಸೋಸುವಿಕೆ ಟಿಐಗೆ ಸಾಕಾಗದಿರುವುದು ಇದಕ್ಕೇ. ಪ್ರತಿ ಸಾಲಿನ ಗರಿಷ್ಠ ಮತ್ತು ಕನಿಷ್ಠ ವೇಗದ ಕಾಲಂಗಳನ್ನು ಮೊದಲು ನೋಡಿ: ಸರಾಸರಿಯಿಂದ ಗರಿಷ್ಠದ ದೂರ ಸಿಗ್ಮಾದ ಐದಾರು ಪಟ್ಟು ದಾಟಿದ ಸಾಲುಗಳನ್ನು ಬೇರೆ ತೆಗೆದು ಮೂಲ ಫೈಲಿನಲ್ಲಿ ಹುಡುಕಿ.

ಆಮೇಲೆ ಸಿಎನ್‌ಆರ್, ಅಂದರೆ ಉಪಕರಣದ ಗದ್ದಲಕ್ಕೆ (ನಾಯ್ಸ್) ಹೋಲಿಸಿದರೆ ಮರಳಿದ ಸಂಕೇತದ ಬಲ. ಗಾಳಿಯಲ್ಲಿ ಧೂಳು ಕಡಿಮೆಯಾದಷ್ಟೂ ಇದು ಬೀಳುತ್ತದೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಗಾಳಿ ತೊಳೆದಂತೆ ಶುಭ್ರವಾದಾಗ ಮೇಲಿನ ಎತ್ತರಗಳಲ್ಲಿ ಸಂಕೇತ ಕುಂದಿ ಗದ್ದಲ ಸಿಗ್ಮಾದೊಳಗೆ ಸೇರುತ್ತದೆ. ನಮ್ಮ ಗಾಳಿಯ ಬಹುಪಾಲು ಬರುವುದೂ ಅದೇ ತಿಂಗಳುಗಳಲ್ಲಿ, ಆದ್ದರಿಂದ ಇದನ್ನು ಹಗುರವಾಗಿ ಬಿಡುವಂತಿಲ್ಲ. ಸಿಗ್ಮಾವನ್ನು ಸಿಎನ್‌ಆರ್ ಎದುರು ಬಿಡಿಸಿ. ಸಿಎನ್‌ಆರ್ ಬೀಳುತ್ತಿದ್ದಂತೆ ಸಿಗ್ಮಾ ಮೇಲೇರುತ್ತಿದ್ದರೆ ಸೋಸುವ ಮಿತಿ ಸಡಿಲವಾಗಿದೆ ಎಂದರ್ಥ. ಮಳೆ ಬೀಳುವಾಗಿನ ಸಾಲುಗಳನ್ನು ತೆಗೆಯಿರಿ, ಹನಿಗಳ ಇಳಿವೇಗ ಲಂಬಗಾಳಿಯಾಗಿ ದಾಖಲಾಗಿರುತ್ತದೆ. ತಗ್ಗಿನ ಮೋಡ ಗುಡ್ಡವನ್ನು ಮುಚ್ಚುವ ಕಡೆ ನಿರಂತರ ಅಲೆಯ ಲೈಡಾರ್ ಮೋಡದ ಬುಡದಿಂದ ಬಂದ ಪ್ರಬಲ ಪ್ರತಿಫಲನವನ್ನೇ ತಾನು ನೋಡಬೇಕಿದ್ದ ಎತ್ತರದ್ದೆಂದು ತೆಗೆದುಕೊಳ್ಳುವ ಅಪಾಯವಿದೆ. ಲಭ್ಯತೆ, ಅಂದರೆ ಹತ್ತು ನಿಮಿಷದಲ್ಲಿ ಸರಿಯಾದ ಅಳತೆ ಸಿಕ್ಕ ಪ್ರಮಾಣ, ಕಡಿಮೆ ಇರುವ ಸಾಲುಗಳನ್ನೂ ಬಿಡಿ. ಸೆಕೆಂಡಿಗೆ 4 ಮೀಟರ್‌ಗಿಂತ ನಿಧಾನದ ಗಾಳಿಯಲ್ಲಿ ಟಿಐ ಎಷ್ಟಿದ್ದರೂ ತಲೆ ಕೆಡಿಸಿಕೊಳ್ಳಬೇಡಿ, ಯಂತ್ರ ಆಗ ದುಡಿಯುವುದೇ ಅಪರೂಪ.

ಅಳತೆಯ ನಡುವೆ ಉಪಕರಣದ ಸಾಫ್ಟ್‌ವೇರ್ ಬದಲಾಗಿದೆಯೇ ಎಂಬುದನ್ನೂ ಕೇಳಿ. ಲೆಕ್ಕದ ವಿಧಾನ ಬದಲಾದರೆ ಸಿಗ್ಮಾ ಬದಲಾಗುತ್ತದೆ, ಗಾಳಿ ಬದಲಾಗದೆಯೇ.

ಹಂತ 5: ಮಾಸ್ಟ್ ಪಕ್ಕದಲ್ಲಿಟ್ಟು ಹೋಲಿಸಿ, ಟಿಐಗೆ ಟಿಐ ಅಲ್ಲ

ಲೈಡಾರ್ ಅನ್ನು ಮಾಸ್ಟ್‌ನ ಹತ್ತಿರವೇ ಇಡಬೇಕು, ಆದರೆ ಕಿರಣಗಳು ಮಾಸ್ಟ್‌ಗಾಗಲಿ ಅದನ್ನು ಎಳೆದುಕಟ್ಟಿದ ತಂತಿಗಳಿಗಾಗಲಿ ತಗಲಬಾರದು. ನಿಂತ ವಸ್ತುವಿಗೆ ತಗಲಿದ ಕಿರಣ ಸೊನ್ನೆ ವೇಗವನ್ನು ತಂದು ಬೆರೆಸುತ್ತದೆ, ಸಿಗ್ಮಾ ಕೆಡುತ್ತದೆ. ಮಾಸ್ಟ್ ಕೂಡ ದೇವರಲ್ಲ. ಕಪ್‌ನ ಕ್ಯಾಲಿಬ್ರೇಷನ್ ಪತ್ರ, ಬೇರಿಂಗ್‌ನ ಸ್ಥಿತಿ, ಮಾಸ್ಟ್‌ನ ನೆರಳಿಗೆ ಬೀಳುವ ದಿಕ್ಕುಗಳನ್ನು ಹೊರಗಿಟ್ಟಿದ್ದಾರೆಯೇ, ಇವೆಲ್ಲ ಮೊದಲು ನೋಡಿ. ಹಣವಿದ್ದರೆ ಶಬ್ದದ ಅಲೆಯಿಂದ ಗಾಳಿ ಅಳೆಯುವ ಒಂದು ಸೋನಿಕ್ ಅನಿಮೋಮೀಟರ್ ಹಾಕಿಸಿ. ಲಂಬಗಾಳಿಯ ಸಿಗ್ಮಾವನ್ನೂ ಅದು ಕೊಡುವುದರಿಂದ ಮೇಲೆ ಹೇಳಿದ ಎರಡು ತಪ್ಪುಗಳನ್ನು ಬೇರ್ಪಡಿಸಿ ನೋಡಲು ಬರುತ್ತದೆ.

ಹೋಲಿಕೆಯನ್ನು ಸಿಗ್ಮಾಕ್ಕೆ ಸಿಗ್ಮಾ ಇಟ್ಟು ಮಾಡಿ. ಟಿಐಗೆ ಟಿಐ ಇಟ್ಟರೆ ಸರಾಸರಿ ವೇಗದ ತಪ್ಪು, ಸಿಗ್ಮಾದ ತಪ್ಪು ಎರಡೂ ಕಲಸಿಹೋಗುತ್ತವೆ. ಅಲ್ಲದೆ ನಿಧಾನಗಾಳಿಯ ದೊಡ್ಡ ಟಿಐಗಳು ಗೆರೆಯನ್ನು ತಮ್ಮ ಕಡೆ ಎಳೆದುಕೊಂಡು ಹೊಂದಾಣಿಕೆ ಚೆನ್ನಾಗಿದೆ ಎಂಬ ಭ್ರಮೆ ಹುಟ್ಟಿಸುತ್ತವೆ. ಆರ್-ಸ್ಕ್ವೇರ್ (ಹೊಂದಾಣಿಕೆಯ ಅಳತೆ, ಗರಿಷ್ಠ 1) 0.9 ಬಂತೆಂದು ವರದಿ ಹಿಗ್ಗಿದ್ದರೆ ನೀವು ಹಿಗ್ಗಬೇಡಿ.

ಗಾಳಿವೇಗವನ್ನು ಒಂದೊಂದು ಮೀಟರ್‌ನ ಗುಂಪುಗಳಾಗಿ, ಅಂದರೆ ಬಿನ್‌ಗಳಾಗಿ ಮಾಡಿ ಪ್ರತಿ ಬಿನ್‌ನಲ್ಲಿ ಮೂರು ಅಂಕಿ ತೆಗೆಯಿರಿ: ಸರಾಸರಿ ವ್ಯತ್ಯಾಸ, ವ್ಯತ್ಯಾಸದ ಚದುರುವಿಕೆ, ಮತ್ತು ಎರಡೂ ಉಪಕರಣಗಳ 90ನೇ ಪರ್ಸೆಂಟೈಲ್ ಟಿಐ. ಮೂರನೆಯದನ್ನು ಬಿಟ್ಟೇಬಿಡುವುದು ರೂಢಿಯಾಗಿದೆ. ಬೇಕಾದದ್ದು ಅದೇ. ಸರಾಸರಿ ವ್ಯತ್ಯಾಸ ಸೊನ್ನೆಯಾದರೂ ಲೈಡಾರ್‌ನ ಅಂಕಿಗಳು ಹೆಚ್ಚು ಚದುರಿದ್ದರೆ 90ನೇ ಪರ್ಸೆಂಟೈಲ್ ಮೇಲೆ ಹೋಗುತ್ತದೆ, ಚದುರುವಿಕೆ ಕುಗ್ಗಿದ್ದರೆ ಕೆಳಗಿಳಿಯುತ್ತದೆ.

ಹಂತ 6: ಹೊತ್ತು ಮತ್ತು ಋತುವಿನ ಪ್ರಕಾರ ಒಡೆದು ನೋಡಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಮಾಡಲು ಸಮಯವಿದ್ದರೆ ಇದನ್ನು ಮಾಡಿ.

ಎರಡನೇ ಹಂತದ ಲೆಕ್ಕದಂತೆ ತಪ್ಪು ಒಂದು ಹೊತ್ತು ಮೇಲೆ, ಇನ್ನೊಂದು ಹೊತ್ತು ಕೆಳಗೆ. ಎಲ್ಲವನ್ನೂ ಒಟ್ಟುಗೂಡಿಸಿ ಸರಾಸರಿ ತೆಗೆದರೆ ಅವು ಒಂದನ್ನೊಂದು ನುಂಗಿ «ಸರಾಸರಿ ತಪ್ಪು 1%» ಎಂಬ ಚಂದದ ಸಾಲು ವರದಿಯಲ್ಲಿ ಕೂರುತ್ತದೆ. ಕರ್ನಾಟಕದ ಒಳನಾಡಿನಲ್ಲಿ ಈ ವ್ಯತ್ಯಾಸ ದೊಡ್ಡದು. ಜುಲೈನಲ್ಲಿ ಮೋಡ ಕವಿದು ನೈಋತ್ಯ ಮುಂಗಾರಿನ ಜೋರುಗಾಳಿ ಹಗಲು ರಾತ್ರಿ ಬೀಸುವಾಗ ವಾತಾವರಣ ತಟಸ್ಥಕ್ಕೆ ಹತ್ತಿರ, ನೆಲದ ಬಿಸಿಯಾಗಲಿ ತಂಪಾಗಲಿ ಗಾಳಿಯನ್ನು ಹೆಚ್ಚು ಕದಲಿಸುವುದಿಲ್ಲ. ಮಾರ್ಚ್ ಮಧ್ಯಾಹ್ನ ಬೆಳೆ ತೆಗೆದ ಎರೆಹೊಲ ಕಾದು ಬಿಸಿಗಾಳಿ ಮೇಲೇಳುವಾಗ ಸ್ಥಿತಿ ತೀರ ಬೇರೆ. ಜನವರಿಯ ರಾತ್ರಿ ನೆಲ ತಣ್ಣಗಾಗಿ ಗಾಳಿ ಪದರ ಪದರವಾಗಿ ಹರಿಯುವಾಗ ಇನ್ನೂ ಬೇರೆ. ಹಾಗಾಗಿ ಜುಲೈ, ಆಗಸ್ಟ್‌ನಲ್ಲಿ ಮಾತ್ರ ಮಾಸ್ಟ್ ಪಕ್ಕದಲ್ಲಿಟ್ಟು ಒಪ್ಪಿಗೆ ಪಡೆದ ಲೈಡಾರ್‌ನ ಟಿಐ ಮಾರ್ಚ್‌ಗೆ ಅನ್ವಯಿಸುವುದಿಲ್ಲ. ಮಾರ್ಚ್‌ನದು ಜುಲೈಗೂ ಅನ್ವಯಿಸುವುದಿಲ್ಲ.

ಸ್ಥಿರತೆ ಅಳೆಯಲು ದುಬಾರಿ ಉಪಕರಣ ಇಲ್ಲದಿದ್ದರೂ ಕೆಲಸ ನಡೆಯುತ್ತದೆ. ದಿನದ 24 ಗಂಟೆ ಒಂದು ಬದಿಗೆ, ತಿಂಗಳು ಇನ್ನೊಂದು ಬದಿಗೆ ಇಟ್ಟು ಪ್ರತಿ ಚೌಕದಲ್ಲಿ ಲೈಡಾರ್ ಸಿಗ್ಮಾ ಮತ್ತು ಕಪ್ ಸಿಗ್ಮಾದ ಅನುಪಾತ ಬರೆಯಿರಿ. ಬಣ್ಣ ಹಾಕಿದರೆ ಕಥೆ ಅಲ್ಲೇ ಕಾಣುತ್ತದೆ. ಎತ್ತರದ ಜೊತೆ ಗಾಳಿ ಏರುವ ಪ್ರಮಾಣ, ಅಂದರೆ ಶಿಯರ್ ಘಾತವೂ ಬಯಲಿನಲ್ಲಿ ಒಳ್ಳೆಯ ಸುಳಿವು: 0.1ಕ್ಕಿಂತ ಕಡಿಮೆ ಇದ್ದರೆ ಕಲಕಿದ ಗಾಳಿ, 0.2ಕ್ಕಿಂತ ಚೆನ್ನಾಗಿ ಮೇಲಿದ್ದರೆ ಪದರಗಟ್ಟಿದ ಗಾಳಿ ಎಂದು ಒರಟಾಗಿ ಹಿಡಿಯಬಹುದು. ಪಲ್ಸ್ ಲೈಡಾರ್ ಇದ್ದರೆ ಅದರ ನೆಟ್ಟಗಿನ ಕಿರಣದ ಸಿಗ್ಮಾ ಕಾಲಂ ಬಳಸಿ. ಲಂಬ ಏರಿಳಿತ ಹೆಚ್ಚಿದಷ್ಟೂ ಅಡ್ಡ ಸಿಗ್ಮಾ ಉಬ್ಬಿದೆ ಎಂಬುದು ಗೆರೆಯಾಗಿ ಕಂಡರೆ ನಿಮ್ಮ ಅನುಮಾನ ಖಚಿತವಾಯಿತು. ಮಾಸ್ಟ್ ನಿಲ್ಲಿಸುವ ಹಂತದಲ್ಲಿಯೇ ನೀವಿದ್ದರೆ ಎರಡು ಎತ್ತರದಲ್ಲಿ ತಾಪಮಾನ ಸಂವೇದಕ ಹಾಕಿಸಿಬಿಡಿ, ಇಡೀ ಯೋಜನೆಯ ಲೆಕ್ಕದಲ್ಲಿ ಅದರ ಖರ್ಚು ಏನೂ ಅಲ್ಲ.

ಎಲ್ಲ ಚೌಕಗಳಿಗೂ ಸಮಾನ ತೂಕ ಕೊಡಬೇಕಿಲ್ಲ. ಯಂತ್ರದ ಮೇಲೆ ಹೆಚ್ಚು ಹಾನಿ ಬೀಳುವುದು ಯಾವ ವೇಗದಲ್ಲಿ, ವರ್ಷದಲ್ಲಿ ಆ ವೇಗ ಎಷ್ಟು ಗಂಟೆ ಇರುತ್ತದೆ ಎಂಬುದನ್ನು ಸೇರಿಸಿ ನೋಡಿ. ನಮ್ಮ ಕಡೆ ಆ ತೂಕದ ದೊಡ್ಡ ಪಾಲು ಮುಂಗಾರಿಗೆ ಹೋಗುತ್ತದೆ. ಮುಂಗಾರಿನ ಬಿನ್‌ಗಳಲ್ಲಿ ಹೊಂದಾಣಿಕೆ ಗಟ್ಟಿಯಾಗಿದ್ದು ಮಾರ್ಚ್‌ನಲ್ಲಿ ಲೈಡಾರ್ ಹೆಚ್ಚು ತೋರಿಸುತ್ತಿದ್ದರೆ ಅದನ್ನು ಒಪ್ಪಿಕೊಂಡು ಮುಂದೆ ಹೋಗಬಹುದು. ಮುಂಗಾರಿನಲ್ಲೇ ಕಡಿಮೆ ತೋರಿಸುತ್ತಿದ್ದರೆ ಹೋಗಬಾರದು.

ಹಂತ 7: ಮಾಸ್ಟ್‌ಗಿಂತ ಮೇಲೆ ಏನಾಗಿದೆ?

ಲೈಡಾರ್ ತಂದದ್ದೇ ಮಾಸ್ಟ್ ಮುಟ್ಟದ ಎತ್ತರಕ್ಕಾಗಿ. ಅಲ್ಲಿ ಹೋಲಿಸಲು ಕಪ್ ಇಲ್ಲ. ಸಿಗ್ಮಾವನ್ನು ಎತ್ತರದ ಎದುರು ಬಿಡಿಸಿ ಅದರ ಆಕಾರ ನೋಡಿ. ಬಯಲಿನಲ್ಲಿ ಮೇಲೆ ಹೋದಂತೆ ಟಿಐ ನಿಧಾನವಾಗಿ ಇಳಿಯಬೇಕು. 120ರಿಂದ 160 ಮೀಟರ್‌ಗೆ ಹೋಗುವಾಗ ಏರಿದರೆ ಸಿಎನ್‌ಆರ್ ನೋಡಿ, ಗದ್ದಲ ಸೇರಿರಬಹುದು. ನಿರೀಕ್ಷೆಗಿಂತ ಬೇಗ ಇಳಿದರೆ ಕಿರಣಗಳ ನಡುವಿನ ಅಂತರವೋ ನೋಟದ ಉದ್ದವೋ ಬೆಳೆದು ಸುಳಿಗಳನ್ನು ಅಳಿಸಿರಬಹುದು. ಕಪ್ ಜೊತೆ ಎರಡು ಮೂರು ಎತ್ತರಗಳಲ್ಲಿ ಹೋಲಿಸಿದ್ದರೆ ಅನುಪಾತ ಎತ್ತರದ ಜೊತೆ ಯಾವ ಕಡೆ ವಾಲುತ್ತಿದೆ ಎಂದು ತಿಳಿಯುತ್ತದೆ. ಒಂದೇ ಎತ್ತರದ ಹೋಲಿಕೆಯನ್ನು 140 ಮೀಟರ್‌ಗೆ ಎಳೆದುಕೊಂಡು ಹೋಗಿದ್ದರೆ ಅದಕ್ಕೆ ಆಧಾರ ಕೇಳಿ.

ಮೂಲ ಫೈಲ್ ಇದ್ದರೆ ಸ್ಪೆಕ್ಟ್ರಮ್ ಕೂಡ ಬಿಡಿಸಿ. ಗಾಳಿಯ ಶಕ್ತಿ ಆವರ್ತನದ ಜೊತೆ ಮೈನಸ್ 5/3 ಘಾತದ ಇಳಿಜಾರಿನಲ್ಲಿ ಇಳಿಯಬೇಕು. ಬಲತುದಿಯಲ್ಲಿ ಗೆರೆ ಚಪ್ಪಟೆಯಾದರೆ ಗದ್ದಲ, ಹಠಾತ್ತನೆ ಕುಸಿದರೆ ಸರಾಸರಿಯಲ್ಲಿ ಕಳೆದುಹೋದ ಸುಳಿಗಳು.

ಹಂತ 8: ಗುಡ್ಡದ ಜಾಗವಾದರೆ ಎಚ್ಚರ ಇಮ್ಮಡಿ

ಜೋಗಿಮಟ್ಟಿ, ಕಪ್ಪತಗುಡ್ಡದಂಥ ಏಣುಗಳ ಮೇಲೆ ಗಾಳಿ ಬಾಗಿ ಹರಿಯುತ್ತದೆ. ಗಾಳಿ ಬರುವ ಕಡೆಯ ಕಿರಣ ಏರುಗಾಳಿಯನ್ನೂ ಆಚೆ ಕಡೆಯದು ಇಳಿಗಾಳಿಯನ್ನೂ ನೋಡುವುದರಿಂದ ಸರಾಸರಿ ವೇಗವೇ ತಪ್ಪುತ್ತದೆ. ಅದನ್ನು ಗಾಳಿ ಹರಿವಿನ ಕಂಪ್ಯೂಟರ್ ಮಾದರಿಯಿಂದ ತಿದ್ದುವುದು ರೂಢಿ. ಹಾಗೆ ತಿದ್ದಿದಾಗ ಸರಾಸರಿಯನ್ನು ಮೇಲಕ್ಕೆತ್ತಿ ಸಿಗ್ಮಾವನ್ನು ಇದ್ದ ಹಾಗೇ ಬಿಟ್ಟಿದ್ದಾರೆಯೇ ಎಂದು ನೋಡಿ. ಸರಾಸರಿ 4% ಏರಿಸಿದರೆ ಟಿಐ ತಾನಾಗಿ ಹೆಚ್ಚುಕಡಿಮೆ ಅಷ್ಟೇ ಪ್ರಮಾಣ ಇಳಿಯುತ್ತದೆ, ಗಾಳಿ ಮಾತ್ರ ಮೊದಲಿನಷ್ಟೇ ಕಲಕಿರುತ್ತದೆ. ಇಂಥ ಜಾಗದಲ್ಲಿ ಮಾಸ್ಟ್ ಇಲ್ಲದ ಲೈಡಾರ್ ಟಿಐಯ ಮೇಲೆ ಯಂತ್ರದ ವರ್ಗ ತೀರ್ಮಾನಿಸುವುದನ್ನು ನಾನು ಒಪ್ಪುವುದಿಲ್ಲ. ಎತ್ತರ ಕಡಿಮೆಯಾದರೂ ಒಂದು ಮಾಸ್ಟ್ ಬೇಕು.

ಹಂತ 9: «ತಿದ್ದಿದ ಟಿಐ» ಎಂದಿದ್ದರೆ ಮೂರು ಪ್ರಶ್ನೆ

ಈಗೀಗ ಬಹಳ ವರದಿಗಳಲ್ಲಿ ಲೈಡಾರ್ ಟಿಐಯನ್ನು ತಿದ್ದಿ ಕೊಡುತ್ತಾರೆ. ಕೆಲವದರಲ್ಲಿ ಕಪ್ ಜೊತೆಗಿನ ಸರಳ ರಿಗ್ರೆಷನ್ (ಎರಡರ ಅಂಕಿಗಳಿಗೆ ಹೊಂದುವ ಗೆರೆ ಎಳೆದು ತಿದ್ದುವುದು), ಕೆಲವದರಲ್ಲಿ ಪ್ರತಿ ಕಿರಣದ ವೇರಿಯನ್ಸ್‌ನಿಂದ ಮತ್ತೆ ಕಟ್ಟುವ ಭೌತಿಕ ವಿಧಾನ, ಕೆಲವದರಲ್ಲಿ ಮಷೀನ್ ಲರ್ನಿಂಗ್. ತಿದ್ದುವುದು ತಪ್ಪಲ್ಲ, ಒಳ್ಳೆಯ ತಿದ್ದುಪಡಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಆದರೆ ಕಲಿಸಿದ ದತ್ತಾಂಶದ ಮೇಲೆಯೇ ಪರೀಕ್ಷಿಸಿದ್ದಾರೆಯೇ ಎಂದು ಮೊದಲು ಕೇಳಿ. ಪರೀಕ್ಷೆಯ ಸಾಲುಗಳನ್ನು ನಡುನಡುವೆ ಹೆಕ್ಕಿದ್ದರೂ ಸಾಲದು, ಪಕ್ಕಪಕ್ಕದ ಹತ್ತು ನಿಮಿಷಗಳು ಒಂದೇ ತೆರನಾಗಿರುತ್ತವೆ. ಬೇರೆ ಋತುವಿನ, ಇನ್ನೂ ಒಳ್ಳೆಯದೆಂದರೆ ಬೇರೆ ಜಾಗದ ದತ್ತಾಂಶದ ಮೇಲೆ ತೋರಿಸಲಿ. ಎರಡನೆಯದು, ತಿದ್ದಲು ಬಳಸಿದ ಮಾಹಿತಿ ಮಾಸ್ಟ್ ಇಲ್ಲದ ಕಡೆಯೂ ಸಿಗುತ್ತದೆಯೇ?

ಮೂರನೆಯದನ್ನು ಕೇಳುವವರು ಕಡಿಮೆ: 90ನೇ ಪರ್ಸೆಂಟೈಲ್ ಉಳಿದಿದೆಯೇ? ರಿಗ್ರೆಷನ್ ಯಾವತ್ತೂ ಅಂಕಿಗಳನ್ನು ಸರಾಸರಿಯ ಕಡೆ ಎಳೆಯುತ್ತದೆ. ತಿದ್ದಿದ ಸಿಗ್ಮಾದ ಸರಾಸರಿ ಕಪ್‌ಗೆ ಸರಿಯಾಗಿ ಕೂತರೂ ಅದರ ಹರವು ಕಪ್‌ನದಕ್ಕಿಂತ ಕಿರಿದಾಗಿರುತ್ತದೆ. ಅಲ್ಲಿಂದ ತೆಗೆದ 90ನೇ ಪರ್ಸೆಂಟೈಲ್ ನಿಜಕ್ಕಿಂತ ಕೆಳಗೆ ಬರುತ್ತದೆ. ಯಂತ್ರವನ್ನು ಆರಿಸುವುದು ಆ ಅಂಕಿಯ ಮೇಲೆ.

ಹಂತ 10: ಅಂತರ ನೋಡಿ ತೀರ್ಮಾನಿಸಿ

ಇಷ್ಟಾದ ಮೇಲೆ ನಿಮ್ಮ ಕೈಯಲ್ಲಿ ಪ್ರತಿ ಬಿನ್‌ಗೂ ಒಂದು 90ನೇ ಪರ್ಸೆಂಟೈಲ್ ಟಿಐ, ಅದರ ಸುತ್ತ ನೀವು ಒಪ್ಪುವ ತಪ್ಪಿನ ಹರವು ಇರುತ್ತದೆ. ಇದಕ್ಕೆ ಪಕ್ಕದ ಯಂತ್ರಗಳ ವೇಕ್‌ನಿಂದ (ಯಂತ್ರದ ಹಿಂದೆ ಉಳಿಯುವ ಕಲಕಿದ ಗಾಳಿ) ಸೇರುವ ಟರ್ಬ್ಯುಲೆನ್ಸ್ ಕೂಡಿಸಿ ಆಮೇಲೆ ವರ್ಗದ ಗೆರೆಗೆ ಹೋಲಿಸಿ. ಕೂಡಿಸಿದ ಮೇಲೆ 15 ಮೀಟರ್ ಬಿನ್‌ನಲ್ಲಿ 12% ಬಂತು ಎನ್ನಿ. 20% ತಪ್ಪಿದ್ದರೂ 14.4%, ಬಿ ವರ್ಗದ 15.7%ಗಿಂತ ಕೆಳಗೆ. ಅಲ್ಲಿ ಲೈಡಾರ್ ಟಿಐ ಸಾಕು, ಇನ್ನಷ್ಟು ಅಳತೆಗೆ ಹಣ ಸುರಿಯಬೇಕಿಲ್ಲ. 14.5% ಬಂದರೆ 10% ತಪ್ಪಿಗೇ ಗೆರೆ ದಾಟುತ್ತದೆ. ಅಲ್ಲಿ ಲೈಡಾರ್ ಅಂಕಿಯಿಂದ ತೀರ್ಮಾನ ಸಾಧ್ಯವಿಲ್ಲ. ಹಬ್ ಎತ್ತರದ ಮಾಸ್ಟ್ ಹಾಕಿ, ಇಲ್ಲವೇ ಒಂದು ವರ್ಗ ಗಟ್ಟಿಯಾದ ಯಂತ್ರ ಆರಿಸಿ, ಇಲ್ಲವೇ ಯಂತ್ರ ತಯಾರಕರಿಂದ ಆ ಜಾಗಕ್ಕೇ ಲೋಡ್ ಲೆಕ್ಕ ಮಾಡಿಸಿ ಎರಡು ಟಿಐ ಬೆಲೆಗಳಿಗೂ ಉತ್ತರ ಕೇಳಿ.

ವರದಿ ಬರೆಯುವವರು ನೀವೇ ಆಗಿದ್ದರೆ ಟಿಐ ಕೋಷ್ಟಕದ ಕೆಳಗೆ ಇವಿಷ್ಟು ಇರಲಿ: ಉಪಕರಣದ ಮಾದರಿ ಮತ್ತು ಸಾಫ್ಟ್‌ವೇರ್ ಆವೃತ್ತಿ, ಕಿರಣದ ಓರೆ, ಸೋಸಿದ ಮಿತಿಗಳು, ಸೋಸಿದಾಗ ಹೋದ ಸಾಲುಗಳ ಪ್ರಮಾಣ ತಿಂಗಳುವಾರು, ಮಾಸ್ಟ್ ಜೊತೆ ಹೋಲಿಸಿದ ತಿಂಗಳುಗಳು ಮತ್ತು ಎತ್ತರಗಳು, ತಿದ್ದಿದ್ದರೆ ಮೊದಲಿನ ಅಂಕಿ ಮತ್ತು ನಂತರದ ಅಂಕಿ ಎರಡೂ. ಲೈಡಾರ್ ಅನ್ನು ಬೇರೆ ಜಾಗಕ್ಕೆ ಒಯ್ಯುವ ಮುನ್ನ ಕೆಲವು ವಾರ ಮತ್ತೆ ಅದೇ ಮಾಸ್ಟ್ ಪಕ್ಕದಲ್ಲಿಡಿ. ಮೊದಲ ಹೋಲಿಕೆ ಬೇಸಿಗೆಯಲ್ಲಾಗಿದ್ದರೆ ಎರಡನೆಯದು ಮುಂಗಾರಿನ ನಡುವೆ ಬೀಳುವಂತೆ ಯೋಜನೆ ಹಾಕಿ.